ಹೊತ್ತಿದ ಹುರುಳಿ

ಸಂಗನಕಲ್ಲು, ಗುಡ್ಡದ ಬುಡ, ಮೂರನೇ ಕುಣಿ.
ನೀಲಿ ಡ್ರಮ್ಮಿನ ನೀರಿಗೆ ಬೂದಿಮಣ್ಣು ಸುರಿದು
ಸುಂಕಮ್ಮ ಮೊಣಕೈತನಕ ಕೈಯಾಡಿಸುತ್ತಾಳೆ,
ಅಕ್ಕಿ ತೊಳೆಯುವವಳ ಹಾಗೆ, ಅವಸರವಿಲ್ಲದೆ.
ಮಣ್ಣು ತಳ ಹಿಡಿಯುತ್ತದೆ.
ಸುಟ್ಟದ್ದು ಮೇಲೆ ತೇಲುತ್ತದೆ.

ತೆಳು ಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಹರವಿ,
ನಾನು ಭೂತಗನ್ನಡಿ ಹುಡುಕುವಷ್ಟರಲ್ಲಿ
ಅವಳೇ ಉಗುರ ತುದಿಯಲ್ಲಿ ಎತ್ತಿ ಹಿಡಿದಳು:
"ಹುರುಳಿ ನೋಡ್ರಿ ಇದು. ಹೊತ್ತೈತಿ."

ನಾಲ್ಕು ಸಾವಿರ ವರ್ಷ, ಹತ್ತಿರ ಹತ್ತಿರ, ಎಂದೆ.
"ಇರಬೌದು. ಹುರಿಯೋವಾಗ ಮಾತಿಗೆ ನಿಂತಿರ್ತಾಳ."

ಹದವಾಗಿ ಹುರಿದದ್ದು ಹೊಟ್ಟೆಗೆ ಹೋಯಿತು,
ಮೈಯಾಯಿತು, ಮೈ ಮಣ್ಣಾಯಿತು.
ಬಿತ್ತಿದ್ದು ಮೊಳೆತು ಇನ್ನೊಂದಾಯಿತು.
ಒಲೆಗೆ ಸಿಡಿದು ಕರಿಯಾದದ್ದು ಮಾತ್ರ,
ಯಾರಿಗೂ ಬೇಡವಾದದ್ದು,
ಹೊತ್ತಿತ್ತೆಂದೇ ಇಷ್ಟು ಹೊತ್ತು ಉಳಿಯಿತು.

ನಾನು ಕುಣಿಯ ಗೋಡೆ ಓದುವವನು.
ಕೆಳಗೆ ಬೂದಿ, ಬೂದಿಯ ಮೇಲೆ ಬೂದಿ:
ದೊಡ್ಡಿಯ ಸಗಣಿ ಸುಟ್ಟ ಬೇಸಗೆಗಳು.
ಊರವರಿಗೆ ಅದು ರಕ್ಕಸನ ಚಿತೆ;
ನನಗೆ, ಬಂದು, ತಂಗಿ, ಎದ್ದು ಹೋದವರ ಲೆಕ್ಕ.
ನಡುನಡುವೆ ಗಾಳಿ ತಂದ ತೆಳು ಮಣ್ಣು,
ಅವರಿಲ್ಲದ ತಿಂಗಳುಗಳು.
ಆಮೇಲೆ ಒಂದು ಗೆರೆ. ಅದರ ಮೇಲೆ
ತುಳಿದು ತುಳಿದು ಗಟ್ಟಿಯಾದ ನೆಲ,
ದುಂಡಗೆ ಗೂಟದ ಕುಳಿಗಳು, ಒಂದು ಅರೆಗಲ್ಲು,
ಯಾವ ಎತ್ತಿನ ಬೆನ್ನಿಗೂ ಹೇರಲಾಗದ್ದು.
ಆ ವರ್ಷ ಅವರು ಹೋಗಲಿಲ್ಲ.

ಯಾಕೆ?
ಮಳೆಯ ಪಟ್ಟಿ ಇದೆ ನನ್ನ ಬಳಿ, ಮೂಳೆಯ ಪಟ್ಟಿ ಇದೆ.
ನೆಲದಡಿ ಒಂದು ಮಡಕೆ, ಮಡಕೆಯೊಳಗೆ
ಮಡಚಿಟ್ಟ ಮಗು, ಹಾಲುಹಲ್ಲೂ ಮೂಡದ್ದು.
ಅದನ್ನು ಬಿಟ್ಟು ಹೋಗಲಾರದೆ ಉಳಿದರು ಎಂದು
ಟಿಪ್ಪಣಿಯಲ್ಲಿ ಬರೆದೆ; ಹೊಡೆದು ಹಾಕಿದೆ.
ಪುರಾವೆ ಸಾಲದು.

ಸುಂಕಮ್ಮನನ್ನು ಕೇಳಿದೆ. ಕುರಿಹಿಂಡಿನ ಹಿಂದೆ
ಹೊಳೆದಂಡೆ ತನಕ ನಡೆದು ಬೆಳೆದವಳು;
ಕತ್ತೆಯ ಮೇಲೆ ಹೊರಸು, ಹೊರಸಿನ ಮೇಲೆ ಕೋಳಿ,
ಕೋಳಿಯ ಪಕ್ಕ ತಾನು.
"ಬಳ್ಳಿ ಕಾಯಿ ಹಿಡದಿತ್ತೇನೋ.
ಬಿಟ್ಟು ಹೋದ್ರ ಜಿಂಕಿ ಬಿಡ್ತಾವೇನ್ರಿ?
ಒಂದೆಂಟು ದಿನ ಅಂತ ಕುಂತಿರ್ತಾರ."
ನಕ್ಕಳು. "ನಾವೂ ಹಂಗ. ಹುಡುಗಿ ಪರೀಕ್ಷಿ ಮುಗೀಲಿ ಅಂತ
ಕಪ್ಪಗಲ್ಲಾಗ ಗುಡಿಸಲಾ ಹಾಕಿದ್ವಿ.
ಆಕಿಗೆ ಈಗ ಎರಡು ಮಕ್ಳು."

ಕ್ವಾರಿಯಲ್ಲಿ ಮದ್ದು ಸಿಡಿಯಿತು. ಮಧ್ಯಾಹ್ನ ಎರಡು.
ಗುಡ್ಡದ ಮೇಲಿನ ಕರಿಬಂಡೆಗಳು,
ಬಡಿದರೆ ಗಂಟೆಯಾಗುವಂಥವು,
ಬಡಿಯದೆಯೇ ಏನೋ ಅಂದಂತಾಯಿತು,
ಅಥವಾ ನನ್ನ ಕಿವಿ.
ಡ್ರಮ್ಮಿನ ನೀರು ಬಳೆಬಳೆಯಾಗಿ ನಡುಗಿತು.

ಕಾಳನ್ನು ಹತ್ತಿಯಲ್ಲಿಟ್ಟು, ಡಬ್ಬಿ ಮುಚ್ಚಿ,
ಚೀಟಿ ಬರೆದೆ: ಕುಣಿ ಮೂರು, ಪದರ ಐದು.
ಆಚೆ ಬೇವಿನಡಿ ಸುಂಕಮ್ಮ ಬುತ್ತಿ ಬಿಚ್ಚಿದ್ದಳು.
ರೊಟ್ಟಿ, ಹುರುಳಿ ಚಟ್ನಿ. ರೊಟ್ಟಿಯ ಒಂದು ಮಗ್ಗುಲು ಕಪ್ಪು.
"ಮಗಳು ಫೋನಿನಾಗ ಇದ್ಲು," ಎಂದು
ಹೊತ್ತಿದ್ದಷ್ಟನ್ನು ಮುರಿದು, ನೋಡದೆ, ಎಸೆದಳು
ನಾವಿನ್ನೂ ಅಗೆಯದ ನೆಲದ ಕಡೆಗೆ.