ಎರಡು ಸುತ್ತು

ಹೊಟ್ಟೆನೋವು, ಅಂದ.
ಹದಿಮೂರರ ಹುಡುಗರೆಲ್ಲ ಹಾಗೇ ಅನ್ನುವುದು.
ಹೊಟ್ಟೆ ಮರ್ಯಾದಸ್ಥರ ಊರು,
ಅದರಾಚೆಗೆ ಯಾರೂ ದಾರಿ ಕೇಳುವುದಿಲ್ಲ.

ಜುಲೈ ತಿಂಗಳ ಕಡುಚಳಿ. ರಾತ್ರಿ ಎರಡೂವರೆ.
ಚಿಲೋಯೆಯ ಪೂರ್ವಕ್ಕೆ ಉದುರಿಬಿದ್ದ ಪುಟ್ಟ ದ್ವೀಪ ನಮ್ಮದು,
ಒಂದು ಕೋಣೆಯ ಆಸ್ಪತ್ರೆ, ಒಂದು ಸೌದೆ ಒಲೆ,
ಡಾಕ್ಟರು ತಿಂಗಳಿಗೆರಡು ಸಲ.
ಉಳಿದ ದಿನ ಬೀಗದ ಕೈಯೂ ನಾನೇ, ಡಾಕ್ಟರೂ ನಾನೇ.

ತಾಯಿ ರೊಸಾಲ್ಬಾ ಫ್ಲಾಸ್ಕಿನಲ್ಲಿ ಪುದೀನಾ ಕಷಾಯ ತಂದಿದ್ದಳು.
ಎರಡು ಸಲ ವಾಂತಿ, ಅಂದಳು. ಜ್ವರವಿಲ್ಲ.
ನಾನು ಅವನು ನಡೆದು ಬಂದದ್ದನ್ನು ನೋಡಿದ್ದೆ:
ಕಾಲು ಅಗಲಿಸಿ,
ತುಂಬಿದ ಕೊಡ ಚೆಲ್ಲದ ಹಾಗೆ.

ಹನ್ನೊಂದು ವರ್ಷದ ಹಿಂದೆ
ಇದೇ ಒಲೆಯ ಮುಂದೆ ಇನ್ನೊಬ್ಬ ಹುಡುಗ.
ಇದೇ ಮಾತು.
ನಾನು ಹೊಟ್ಟೆಯನ್ನಷ್ಟೇ ಒತ್ತಿ ನೋಡಿದೆ, ಮೆತ್ತಗಿತ್ತು.
ಮಾತ್ರೆ ಕೊಟ್ಟು ಬೆಳಿಗ್ಗೆ ಬಾ ಅಂದೆ.
ಬೆಳಿಗ್ಗೆ ಬಂದ.

ಅದಕ್ಕೇ ಈಗ ತಂಗಿಯನ್ನು ಹೊರಗೆ ಕಳಿಸಿದೆ,
ತಾಯಿಗೆ ಗೋಡೆಯ ಕಡೆ ತಿರುಗು ಅಂದೆ.
ಎಲಿಸೆಯೊ, ತರಡು ನೋಯುತ್ತಿದೆಯಾ?
ಅವನು ಒಲೆಯ ಕಡೆ ನೋಡಿ
ತಲೆಯಾಡಿಸಿದ.

ಎಡದ್ದು ಮೇಲೇರಿ ಅಡ್ಡ ಮಲಗಿತ್ತು,
ಊದಿ, ಕಲ್ಲಾಗಿ.
ತೊಡೆಯ ಒಳಬದಿಗೆ ಉಗುರಿನಿಂದ ಮೆಲ್ಲನೆ ಗೀರಿದೆ.
ಬಲಕ್ಕೆ ಗೀರಿದಾಗ ಬಲದ್ದು ಬೆಚ್ಚಿ ಮೇಲೆ ಸರಿಯಿತು.
ಎಡಕ್ಕೆ ಗೀರಿದರೆ
ಕೂಗಿದರೂ ಓಗೊಡದ ಮನೆ.

ನಾನೇನೂ ಮಾಡಲಿಲ್ಲ, ಅಂದ.
ಗೊತ್ತು ಮಗನೆ. ನಿದ್ದೆಯಲ್ಲೂ ತಿರುಚಿಕೊಳ್ಳುತ್ತದೆ.
ಎಷ್ಟು ಹೊತ್ತಿಗೆ ಎಚ್ಚರವಾಯಿತು? ಹನ್ನೆರಡಕ್ಕೆ.
ಮತ್ತೆ ಇಷ್ಟು ಹೊತ್ತು?
ಹೋಗಿಬಿಡುತ್ತದೆ ಅಂದುಕೊಂಡೆ.

ರೊಸಾಲ್ಬಾಗೆ ದೋಣಿಯ ಭಾಷೆಯಲ್ಲಿ ಹೇಳಿದೆ:
ರಾತ್ರಿ ಗಾಳಿ ತಿರುಗಿದಾಗ
ಕಟ್ಟಿದ ದೋಣಿ ಸುತ್ತು ಹಾಕುತ್ತದಲ್ಲ, ಹಗ್ಗ ಹುರಿಗೊಳ್ಳುತ್ತದಲ್ಲ,
ಹಾಗೆ. ದೋಣಿಗಾದರೆ ಅಷ್ಟೇ.
ಇಲ್ಲಿ ಆ ಹಗ್ಗದೊಳಗೇ ರಕ್ತದ ದಾರಿ.
ಬಿಡಿಸದಿದ್ದರೆ ಸಾಯುತ್ತದೆ. ಕಷಾಯ ಬೇಡ, ಹನಿ ನೀರೂ ಬೇಡ,
ಹೊಟ್ಟೆ ಖಾಲಿಯಿರಲಿ, ಮತ್ತು ಕೊಡುತ್ತಾರೆ.

ಆರು ಗಂಟೆ ಎಂಬುದು ಲೆಕ್ಕ.
ಎರಡೂವರೆ ಆಗಲೇ ಹೋಗಿದೆ. ಕಾಸ್ತ್ರೊಗೆ ದೋಣಿಯಲ್ಲಿ ಒಂದೂವರೆ,
ದಕ್ಕೆಯಿಂದ ಗುಡ್ಡ ಹತ್ತಲು ಕಾಲು.
'ಬೆಳಗಾಗಲಿ' ಎಂಬ ಮಾತನ್ನು
ಎಲ್ಲೂ ತುರುಕಲಾಗಲಿಲ್ಲ.

ಆಸ್ಪತ್ರೆಗೆ ಫೋನು ಮಾಡಿ, ಸೆರಾಫಿನ್‌ನ ಬಾಗಿಲು ಬಡಿದೆ.
ಯಾಕೆ, ಅಂದ. ಹೇಳಿದೆ.
ಒಂದು ಕಾಲಿಗಷ್ಟೇ ಬೂಟು ಹಾಕಿ ಓಡಿದ.
ಆ ಹಳೇ ಎಂಜಿನ್ನು ಅಷ್ಟು ಚೀರುವುದನ್ನು
ನಾನು ಕೇಳಿರಲಿಲ್ಲ.

ನಡುನೀರಿನಲ್ಲಿ, ನನ್ನತ್ತ ನೋಡದೆ,
ಹುಡುಗನಿಗೆ ಹೇಳಿದ:
ಡಾಕ್ಟರು ಬಟ್ಟೆ ಸರಿಸಿದಾಗ ನಾಚಬೇಡ. ನಾನು ನಾಚಿದೆ.
ಸ್ವಲ್ಪ ಹೊತ್ತು ಬಿಟ್ಟು:
ಒಂದಿದ್ದರೂ ನಡೆಯುತ್ತದೆ. ನನಗೆ ಮಗಳಿದ್ದಾಳೆ.
ಆದರೂ ದೇವರು ಎರಡು ಕೊಟ್ಟಮೇಲೆ
ಎರಡೂ ಇರಲಿ.
ಎಲಿಸೆಯೊ ನಕ್ಕ, ನಕ್ಕು ಇನ್ನೊಮ್ಮೆ ವಾಂತಿ ಮಾಡಿಕೊಂಡ.
ನಾನು ಅಲೆಗಳನ್ನು ಎಣಿಸುತ್ತಿದ್ದೆ,
ಎಣಿಕೆ ತಪ್ಪುತ್ತಿತ್ತು.

ಸರ್ಜನ್ ಚಿಕ್ಕ ಪ್ರಾಯದವಳು, ಕಣ್ಣಡಿ ಕಪ್ಪು.
ಆಮೇಲೆ ಬಂದು ಹೇಳಿದಳು:
ಎರಡು ಸುತ್ತು. ನೇರಳೆ ಹಣ್ಣಿನ ಬಣ್ಣ.
ಬಿಡಿಸಿ, ಬಿಸಿನೀರಿನ ಬಟ್ಟೆಯಲ್ಲಿ ಸುತ್ತಿ
ಕೋಣೆಯವರೆಲ್ಲ ಸುಮ್ಮನೆ ನಿಂತೆವು.
ಹತ್ತು ನಿಮಿಷಕ್ಕೆ ಬಣ್ಣ ತಿರುಗಿತು.
ಮತ್ತೆ ತಿರುಚದಂತೆ ಹೊಲಿಗೆ ಹಾಕಿದ್ದೇವೆ,
ಬಲದ್ದಕ್ಕೂ. ಅದೂ ಅದೇ ಜಾಯಮಾನದ್ದು.

ದಕ್ಕೆಗೆ ಇಳಿದು ಸೆರಾಫಿನ್‌ಗೆ ಹೇಳಿದೆ.
ಒಳ್ಳೇದು, ಅಂದ.
ಹಗ್ಗ ಸುತ್ತುತ್ತಾ ಕೂತ.
ಹನ್ನೊಂದು ವರ್ಷದಿಂದ ನನ್ನ ಗಂಟಲಲ್ಲಿರುವ ಮಾತನ್ನು
ಅವತ್ತೂ ಆಡಲಿಲ್ಲ.
ಡೀಸೆಲ್ಲಿನ ದುಡ್ಡು ಕೊಟ್ಟೆ, ಚಿಲ್ಲರೆ ವಾಪಸು ಕೊಟ್ಟ.

ಮುಂದಿನ ಸೋಮವಾರ ಶಾಲೆಗೆ ಹೋಗಿ
ಬೋರ್ಡಿನ ಮೇಲೆ ದೊಡ್ಡದಾಗಿ ಆ ಪದ ಬರೆದೆ.
ಹುಡುಗರು ಬೆಂಚು ಬಡಿದು ನಕ್ಕರು,
ಟೀಚರು ಕಿಟಕಿಯಾಚೆ ನೋಡಿದರು.
ನಗಲಿ. ನಕ್ಕ ಪದ ಮರೆಯುವುದಿಲ್ಲ.
ಯಾವುದೋ ರಾತ್ರಿ ಹನ್ನೆರಡಕ್ಕೇ
ಬಾಯಿಗೆ ಬಂದರೆ ಸಾಕು.