ಎರಡು ಬೆರಳು ಜಾಗ

ಜೀಪು, ಆಟೋ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ.
ಸಾಲಗಾಮೆ ರಸ್ತೆಯ ನನ್ನ ಕುಶನ್ ಅಂಗಡಿಗೆ
ದೋಣಿ ಬಂದದ್ದು ಇದೇ ಮೊದಲು:
ಟ್ರೇಲರ್ ಮೇಲೆ, ಚೂಪು ಮೂತಿ,
ಬೀದಿಗೆ ಅಡ್ಡ ಮಲಗಿದ ಮೊಸಳೆ.

‘ಸೀಟು ಮೆತ್ತಗಿರಲಿ ಜಬೀವುಲ್ಲಾ’ ಅಂದರು ಸಾಹುಕಾರರು.
ಓಡಿಸುವ ಬೋಬಣ್ಣ ಏನೂ ಅನ್ನಲಿಲ್ಲ.
ಒಳಗಿಳಿದು ಕೂತ.
ಮಂಡಿ ಎರಡೂ ಸ್ಟೇರಿಂಗಿನ ಕೆಳಗೆ ಸಿಕ್ಕಿಕೊಂಡವು.

ಟೇಪು ಹಿಡಿದೆ. ಸೊಂಟದಿಂದ ಮಂಡಿ,
ಮಂಡಿಯಿಂದ ಹಿಮ್ಮಡಿ,
ಗೇರೆಳೆಯುವ ಮೊಣಕೈಗೆ ಆಡುವಷ್ಟು ಬಯಲು.
ದೋಣಿಯ ಅಳತೆ ಬರೆಯುವುದೇ ಮರೆತೆ.

ನಾಲ್ಕಂಗುಲ ಫೋಮು, ಬಿಳಿ ರೆಕ್ಸಿನ್ನು, ಜೋಡಿ ಹೊಲಿಗೆ.

ಗೊರೂರಿನ ಹಿನ್ನೀರಿಗೆ ನನ್ನನ್ನೂ ಕರೆದರು.
ಎಂಜಿನ್ನು ಗುಡುಗಿತು, ಮೂತಿ ಎದ್ದಿತು,
ನೀರು ಕಲ್ಲಾಯಿತು, ತಡ್ ತಡ್ ತಡ್,
ಬೋಬಣ್ಣ ಎದ್ದು ನಿಂತುಬಿಟ್ಟ!
ನಾನು ಹೊಲಿದ ಸೀಟು ಖಾಲಿ.

‘ಯಾಕೋ?’ ಕೂಗಿದೆ.
‘ಓಟದಲ್ಲಿ ಕೂತ್ರೆ ಬೆನ್ನು ಲೆಕ್ಕ ಕೇಳ್ತದೆ ಸಾಬ್ರೆ,
ನಿಂತ್ಕಂಡ್ರೆ ಅಲೆಯೆಲ್ಲಾ ಮಂಡೀಲೇ ಮುಗೀತದೆ.’
ಹಿಂದಿನ ಸೋಫಾದಲ್ಲಿ ಸಾಹುಕಾರರು
ಬಾಣಲೆಯ ಜೋಳದ ಹಾಗೆ ಪುಟಿಯುತ್ತಿದ್ದರು,
ಮೆತ್ತಗಿದ್ದಷ್ಟೂ ಎತ್ತರಕ್ಕೆ.

ಮಾರನೇ ದಿನ ಹೊಲಿಗೆ ಬಿಚ್ಚಿದೆ.
ಎರಡಂಗುಲ ಫೋಮು ತೆಗೆದೆ.
ಒದ್ದರೆ ಮಡಚಿ ಬೀಳಲಿ ಅಂತ ಸೀಟಿಗೆ ಕೀಲು,
ನಿಂತಾಗ ಸೊಂಟ ಆನಲು ಒಂದು ದಿಂಡು,
ಮಂಡಿಯ ಮುಂದೆ ಎರಡು ಬೆರಳು ಜಾಗ.
ಬೋಬಣ್ಣ ಒಳಗಿಳಿದ, ಕೂತ, ಎದ್ದ, ಮತ್ತೆ ಕೂತ.
ಬೀಡಿ ಹಚ್ಚಿದ.

‘ಫೋಮು ಕಮ್ಮಿ ಆಯ್ತಲ್ಲಯ್ಯಾ,
ಕೂಲಿ ಯಾಕೆ ಜಾಸ್ತಿ?’
ಬಿಲ್ಲು ತಿರುಗಿಸಿ ನೋಡಿದರು ಸಾಹುಕಾರರು.
ನನ್ನ ಬಾಯಲ್ಲಿ ಸೂಜಿಯಿತ್ತು.