ಹನ್ನೆರಡು ಚಮಚ

ಅರ್ಜಿಯಲ್ಲೊಂದು ಅಂಕಣ: ಕಟ್ಟಡದ ಉದ್ದೇಶ.
ಮನೆ, ಎಂದು ಬರೆದೆ.
ಪುರಸಭೆಯ ಹುಡುಗಿ ಕನ್ನಡಕ ಏರಿಸಿ ಕೇಳಿದಳು:
ಯಾರ ಮನೆ, ಮಿಸ್ಟರ್ ಡಥೀ?
ಉತ್ತರ ಹೊಳೆಯದೆ ಕಿಟಕಿಯಾಚೆ ನೋಡಿದೆ.
ಬಂದರಿನಲ್ಲಿ ದೋಣಿಗಳು
ಕಟ್ಟಿದ ಹಗ್ಗ ಜಗ್ಗುತ್ತಿದ್ದವು.

ಸ್ಕಾಟ್ಲೆಂಡಿನ ಈ ಈಶಾನ್ಯ ಮೂಲೆಯಲ್ಲಿ
ಗಾಳಿಗೆ ರಜೆಯಿಲ್ಲ.
ಹೆರಿಂಗ್ ಮೀನಿಗೆ ಹೊಗೆ ಹಿಡಿಸುತ್ತಿದ್ದ ಹಳೇ ಗೂಡು,
ಮೂವತ್ತು ವರ್ಷ ಬೀಗ ಬಿದ್ದದ್ದು,
ದೋಣಿಯ ನನ್ನ ಪಾಲು ಮಾರಿ ಕೊಂಡೆ.
ಸುಣ್ಣ ಬಳಿದೆವು, ಒಂದಲ್ಲ, ಐದು ಸಲ.
ಥಂಡಿ ಹಿಡಿದ ದಿನ ಗೋಡೆ ಈಗಲೂ
ಮೀನು ಮೀನು ಎನ್ನುತ್ತದೆ.
ಇರಲಿ ಬಿಡು, ಎಂದಳು ಅಕ್ಕ ಐಲೀನ್,
ನೀನು ಕುಡಿದು ಬರುತ್ತಿದ್ದ ರಾತ್ರಿಗಳಿಗಿಂತ
ಈ ನಾತ ವಾಸಿ.

ಹಾಸಿಗೆ ಹನ್ನೆರಡು.
ತಟ್ಟೆ, ಲೋಟ, ಚಮಚ ಹನ್ನೆರಡು ಹನ್ನೆರಡು.
ಚರ್ಚಿನ ಹೆಂಗಸರು ಕಂಬಳಿ ಹೆಣೆದುಕೊಟ್ಟರು;
ಅವರಲ್ಲಿಬ್ಬರು,
ಈ ಬೀದಿಗೆ ಇಂಥ ಮನೆ ಬೇಡವೆಂಬ ಮನವಿಗೂ
ಅದೇ ಕೈಯಲ್ಲಿ ಸಹಿ ಹಾಕಿದ್ದರು.
ಕಂಬಳಿ ಬೆಚ್ಚಗೇ ಇದ್ದವು.

ನವೆಂಬರಿನ ಮೊದಲ ರಾತ್ರಿ ಬಂದವನೊಬ್ಬನೇ:
ಇನ್ನೆಸ್ ಸ್ಟ್ರಾಖನ್, ಇಪ್ಪತ್ತಾರರ ಪ್ರಾಯ,
ನನ್ನ ಜೊತೆ ಬಲೆ ಎಳೆದವನ ಮಗ.
ಮೇಲೆ ತಂದೆಯ ಸ್ವೆಟರು,
ಒಳಗೆ ಮೈ ಇದೆಯೋ ಇಲ್ಲವೋ.
ಸೂಪು ಬಡಿಸಿದೆ, ತಣ್ಣಗಾಯಿತು.
ಬಿಸಿ ಮಾಡಿ ತಂದೆ, ಮತ್ತೆ ತಣ್ಣಗಾಯಿತು.
ಉಪ್ಪು ಜಾಸ್ತಿಯಾಯಿತೇ?
ತಲೆಯಾಡಿಸಿದ.
ಆಮೇಲೆ ಮೇಜಿಗೆ ಹೇಳುವವನಂತೆ
ಹೇಳಿದ: ಚಮಚ.
ಅಷ್ಟೇ.

ಪೆದ್ದ ನಾನು. ನನ್ನದು ಬಾಟಲಿಯ ಕಾಲ.
ಇವರದು ಚಮಚದ ಬುಡಕ್ಕೆ ಲೈಟರು ಹಿಡಿದು
ನಂಜು ಕರಗಿಸಿಕೊಳ್ಳುವ ಕಾಲ.
ಅಂಥದನ್ನು ಹನ್ನೆರಡು,
ಮುಖ ಕಾಣುವ ಹಾಗೆ ಉಜ್ಜಿ
ಸಾಲಾಗಿ ಜೋಡಿಸಿಟ್ಟಿದ್ದೆ!

ಬಾಚಿ, ಗೋಣಿಗೆ ತುಂಬಿ, ಬಾಯಿ ಬಿಗಿದು
ಅಟ್ಟಕ್ಕೆಸೆದೆ.
ಸೂಪನ್ನು ಲೋಟಕ್ಕೆ ಸುರಿದೆ.
ಇಬ್ಬರೂ ಎತ್ತಿ ಕುಡಿದೆವು
ಸೊರ್ ಸೊರ್ ಸದ್ದು ಮಾಡುತ್ತ,
ನಮ್ಮನ್ನು ಸಾಕಿದ ತಾಯಂದಿರು
ನಾಚಿಕೊಳ್ಳುವಷ್ಟು.

ಊಟದ ಮೇಲೆ ಪ್ರಾರ್ಥನೆಯೆಂದು ಗೊತ್ತುಮಾಡಿದ್ದೆ.
ವಾರವಿಡೀ ತಿದ್ದಿ ಬರೆದ ಹಾಳೆ ಜೇಬಿನಲ್ಲಿತ್ತು.
ತೆಗೆಯುವಷ್ಟರಲ್ಲಿ ಅವನು ಕೇಳಿಬಿಟ್ಟ:
ಇದಾನಾ ಅವನು?
ಮಂಜು ಕವಿದಾಗ ನಿಮ್ಮಪ್ಪ ಹಾರ್ನ್ ಊದುತ್ತಿದ್ದ,
ಎಂದೆ. ಆಚೆ ಯಾರಾದರೂ ಇದ್ದಾರೋ ಇಲ್ಲವೋ
ಕಾಣುತ್ತಿರಲಿಲ್ಲ. ಊದುತ್ತಿದ್ದ.
ಆ ಕಡೆಯಿಂದ ಯಾರಾದರೂ ಊದಿದರಾ?
ಒಮ್ಮೊಮ್ಮೆ, ಎಂದೆ.
ಅದಕ್ಕಿಂತ ದೊಡ್ಡ ಮಾತು ಆ ಹೊತ್ತಿಗೆ
ಬಾಯಿಗೆ ಬರಲಿಲ್ಲ.
ಹಾಳೆ ಜೇಬಿನಲ್ಲೇ ಉಳಿಯಿತು.

ನಾಲ್ಕು ಗಂಟೆಗೆ ನಡುಕ ಶುರು.
ಬಕೆಟ್ಟು, ಒದ್ದೆ ಬಟ್ಟೆ, ಮತ್ತೆ ಬಕೆಟ್ಟು.
ಅವನ ಹಲ್ಲು ಕಟಕಟಿಸುವ ನಡುವೆ
ಯಾರೋ ಯಾರನ್ನೋ ಕರೆಯುತ್ತಿದ್ದರು.
ಅವನೋ ನಾನೋ, ನನಗೆ ತಿಳಿಯಲಿಲ್ಲ.

ನಲವತ್ತನೆಯ ದಿನ ಕಾಣಿಕೆ ಡಬ್ಬಿ ಸಮೇತ ಹೋದ.
ಮಾರ್ಚಿಯಲ್ಲಿ ಬಂದ, ಡಬ್ಬಿ ಇಲ್ಲದೆ.
ಮತ್ತೆ ಹೋದ, ಮತ್ತೆ ಬಂದ.
ಬಾಗಿಲ ಕೀಲಿಗೆ ನಾನು ಎಣ್ಣೆ ಬಿಡುತ್ತಿದ್ದೆ.
ಹೋದವರೆಲ್ಲ ಬರಲಿಲ್ಲ.
ಸ್ಯಾಂಡಿ ಮಿಲ್ನ್ ಬರಲಿಲ್ಲ. ಬಸ್ ನಿಲ್ದಾಣದಿಂದ
ಪೊಲೀಸಿನವರು ಫೋನು ಮಾಡಿದರು,
ಅವನ ವಿಳಾಸ ಎಂದು ನಮ್ಮನ್ನೇ ಬರೆದಿತ್ತಂತೆ.

ನಾಲ್ಕನೆಯ ಚಳಿಗಾಲ, ಹಾಸಿಗೆ ತುಂಬಿದ ರಾತ್ರಿ,
ಇನ್ನೆಸ್ ತಾನಾಗಿ ಅಟ್ಟ ಹತ್ತಿದ.
ಗೋಣಿ ಬಿಚ್ಚಿ, ಬಿಸಿನೀರಲ್ಲಿ ನೆನೆಹಾಕಿ,
ಒಂದೊಂದೇ ತೊಳೆದು ತಂದಿಟ್ಟ.
ಎಣಿಸಿದೆ. ಹನ್ನೊಂದು.
ಇನ್ನೊಮ್ಮೆ ಎಣಿಸಲು ಹೋದೆ,
ಅವನು ನನ್ನ ಕೈಹಿಡಿದು ತಡೆದ.

ಹನ್ನೊಂದು ಜನ ಚಮಚ ಎತ್ತಿಕೊಂಡರು,
ಒಬ್ಬೊಬ್ಬರೂ ತಮ್ಮ ತಮ್ಮ ಹೊತ್ತು ತೆಗೆದುಕೊಂಡು.
ಮೇಜಿನ ಕೊನೆಯಲ್ಲಿ ಇನ್ನೆಸ್
ಲೋಟ ಎತ್ತಿದ,
ಸೊರ್ ಎಂದ.